ಹಿಂಗಾಲು ಮೊದಲು

ಹಾಸನದ ಬಿ.ಎಂ. ರಸ್ತೆಯ ನನ್ನ ಕುಷನ್ ಅಂಗಡಿಗೆ
ಅದು ಬಂದದ್ದು ಲಾರಿಯ ಮೇಲೆ, ಹೊಟ್ಟೆ ಊರಿ ಮಲಗಿಕೊಂಡು.
ಇಳಿಸಿದ ತಿಮ್ಮಪ್ಪಯ್ಯ ಸುತ್ತು ಹಾಕಿ ಕೇಳಿದ:
"ಅಕ್ಕಾ, ಇದು ಕಾರೋ ದೋಣಿಯೋ?
ಹಿಂದಿನ ಚಕ್ರ ಯಾರೋ ಬಿಚ್ಚಿಕೊಂಡು ಹೋಗವ್ರೆ."
ಹೋಗಿರಲಿಲ್ಲ. ಚಕ್ರದ ಮೇಲೆ ಸೆರಗು ಹೊದ್ದಿತ್ತು, ಅಷ್ಟೆ.

ಸಿತ್ರೊಯೆನ್. ಡಿ.ಎಸ್. ಅರವತ್ತೆಂಟರದ್ದು.
ಹೆಸರು ಹೇಳುವಾಗ ಕುಟಿನ್ಹೊ ಅವರ ತುಟಿ
ಬಿಸಿ ಕಾಫಿ ಊದುವವರ ಹಾಗೆ ಮುಂದೆ ಬಂತು.
ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ಬೀಜದ ಗ್ರೇಡು ಬರೆದ ಮನುಷ್ಯ,
ಪಿ.ಎಫ್. ದುಡ್ಡನ್ನೆಲ್ಲ ಪಾಂಡಿಚೇರಿಯಲ್ಲಿ ಸುರಿದು ಇದನ್ನು ತಂದರು.
ಹೆಂಡತಿ ಮೂರು ವಾರ ಮಾತು ಬಿಟ್ಟರಂತೆ.
ನಾಲ್ಕನೆಯ ವಾರ ಹಿಂದಿನ ಸೀಟಿನಲ್ಲಿ ಕೂತು ಬಟಾಣಿ ಸುಲಿದರಂತೆ,
ಮನೆಯಲ್ಲಿ ಇಷ್ಟು ಮೆತ್ತನೆಯ ಜಾಗ ಇನ್ನೊಂದಿಲ್ಲವೆಂದು.

ನನ್ನ ಹತ್ತಿರ ಒಂದು ಹಳೆಯ ಲೆಡ್ಜರಿದೆ.
ಬಿಚ್ಚಿದ ಪ್ರತಿ ಸೀಟಿನಿಂದ ಬೆರಳಗಲ ಬಟ್ಟೆ ಕತ್ತರಿಸಿ
ಅಂಟಿಸಿದ್ದೇನೆ, ಪಕ್ಕದಲ್ಲಿ ತಾರೀಖು.
ಬೀಟಲ್: ಒಳಗೆ ತೆಂಗಿನ ನಾರು!
ಅರಸೀಕೆರೆಯ ಗುಟ್ಟನ್ನು ಜರ್ಮನಿಯವರಿಗೆ ಯಾರು ಹೇಳಿದರೋ.
ಹೆರಾಲ್ಡ್: ಕೆಂಪು ರೆಕ್ಸಿನ್, ಬೇಸಿಗೆಯಲ್ಲಿ ಎಷ್ಟೋ ತೊಡೆ ಸುಟ್ಟದ್ದು.
ಸಕಲೇಶಪುರದ ಷೆಡ್ಡೊಂದರಲ್ಲಿ ಕೋಳಿಗೆ ಕಾವು ಕೊಡಲು ಜಾಗವಾಗಿದ್ದ ಸಾಬ್:
ಮೂಸಿದರೆ ಈಗಲೂ ಎಣ್ಣೆ ಬೆರೆತ ಪೆಟ್ರೋಲು, ಲೂನಾದ ವಾಸನೆ.
ಈ ಪುಸ್ತಕ ಎಲ್ಲರಿಗೂ ತೋರಿಸುವುದಿಲ್ಲ.
ಈಗಿನ ಕಾರುಗಳಿಗೆಲ್ಲ ಒಂದೇ ಮುಖ,
ಯಾರೋ ಸಾಲ ವಾಪಸು ಕೊಡದ ಮುಖ.

ಕುಟಿನ್ಹೊ ಚಾವಿ ತಿರುಗಿಸಿದರು.
ಇಂಜಿನ್ನು ಗೊಣಗಿತು. ಕಾರು ಮಾತ್ರ ಮಲಗೇ ಇತ್ತು.
ಆಮೇಲೆ ಒಳಗೆಲ್ಲೋ ಟಿಕ್ಕೆಂದಿತು, ಒಂದು ನಿಟ್ಟುಸಿರು,
ಹಿಂಭಾಗ ಮೊದಲು ಎದ್ದಿತು.
ಒಂದು ಗಳಿಗೆ ಹಾಗೇ ನಿಂತು
ಏನೋ ನೆನಪಾದಂತೆ ಮುಂಭಾಗವನ್ನೂ ಎತ್ತಿಕೊಂಡಿತು.

ನಾನು ಚನ್ನರಾಯಪಟ್ಟಣದ ಕಡೆಯವಳು, ಕೊಟ್ಟಿಗೆಯ ಪಕ್ಕ ಮಲಗಿ ಬೆಳೆದವಳು.
ಹಸು ಏಳುವುದು ಹೀಗೆ.
ಕುದುರೆ ಹೀಗೆ ಏಳುವುದಿಲ್ಲ.
ಎಲ್ಲ ಕಾರಿಗೂ ಎಷ್ಟು ಕುದುರೆ ಬಲ ಎಂದು ಕೇಳುತ್ತಾರಲ್ಲ,
ಇದನ್ನು ಹಾಗೆ ಕೇಳಬಾರದು.

ಸೀಟು ಬಿಚ್ಚಿದೆ.
ಒಂದು ಹೇರ್‌ಪಿನ್ನು, ಒಂದು ಹುಣಸೆಬೀಜ,
ಬಟ್ಟೆಯ ಒಳಮೈಗೆ ನೀಲಿ ಸೀಮೆಸುಣ್ಣದ ಗುರುತು:
ಎರಡು ಅಡ್ಡಗೆರೆ, ಒಂದು ಬಾಲ.
ಬಲಗೈಯವರು ಎಳೆದರೆ ಬಾಲ ಆ ಕಡೆ ಬಾಗುವುದಿಲ್ಲ.
ನನಗೆ ಗೊತ್ತು, ನಾನೂ ಎಡಚಿ.

ಯಾರು ತಾಯಿ ನೀನು?
ಮೂರನೆಯ ಸಾಲಿನಲ್ಲಿ ಹೊಲಿಗೆ ಎರಡು ನೂಲು ದಾರಿ ತಪ್ಪಿದೆ,
ಊಟದ ಗಂಟೆ ಹೊಡೆಯಿತೆ? ಪಕ್ಕದವಳು ನಗಿಸಿದಳೆ?
ನಿನ್ನ ಮೇಸ್ತ್ರಿಗೆ ಕಾಣಲಿಲ್ಲ.
ಅದರ ಮೇಲೆ ಕೂತ ಒಬ್ಬರಿಗೂ ಐವತ್ತು ವರ್ಷ ಕಾಣಲಿಲ್ಲ.
ಹೊಸ ಬಟ್ಟೆಯಲ್ಲಿ ಸರಿಮಾಡಬಹುದಿತ್ತು.
ಮೂರನೆಯ ಸಾಲು ಬಂದಾಗ ಮಿಷನ್ನಿನಿಂದ ಕಾಲು ತೆಗೆದು
ಎರಡು ನೂಲು ಆಚೆ ಸರಿಸಿಯೇ ಹೊಲಿದೆ.

ಕಾಗದಪತ್ರ ಆದ ಭಾನುವಾರ ನನ್ನನ್ನೂ ಕೂರಿಸಿಕೊಂಡರು.
ಸ್ಟಿಯರಿಂಗು ಎಡಕ್ಕೆ, ಅದಕ್ಕೊಂದೇ ಕಡ್ಡಿ;
ಬ್ರೇಕು ಎಂದರೆ ನೆಲದಲ್ಲಿ ಮೂಡಿದ ಅಣಬೆ.
ದೀಪಗಳು ನಮಗಿಂತ ಮೊದಲು ತಿರುವನ್ನು ನೋಡುತ್ತಿದ್ದವು.
ಶಾಂತಿಗ್ರಾಮದ ಟೋಲಿನಲ್ಲಿ ದುಡ್ಡು ಕೊಡುವ ಕೆಲಸ ನನ್ನ ಪಾಲಿಗೆ.
ಕುಟಿನ್ಹೊ, ಅರವತ್ತೊಂದು ವರ್ಷದ ಹುಡುಗ, ಸುಮ್ಮನಿರಲಾರದೆ
ಅಲ್ಲೇ ಸನ್ನೆ ಎಳೆದು ಕಾರನ್ನು ಕೂರಿಸಿದರು, ಎಬ್ಬಿಸಿದರು.
ಹಿಂದಿನ ಬಸ್ಸು ಹಾರ್ನು ಹೊಡೆಯಿತು, ಅದರ ಹಿಂದಿನದೂ.
ಕಿಟಕಿಯ ಹುಡುಗ ಚಿಲ್ಲರೆಯನ್ನು ಕೈಯಲ್ಲೇ ಹಿಡಿದು
ಅರ್ಧ ಹೊರಗೆ ಬಗ್ಗಿ ಕೇಳಿದ:
"ಸಾರ್, ಇನ್ನೊಂದ್ಸಲ ಎಬ್ಸಿ."